ಬಾಗಿಲ ಬಳಿಯ ಇಪ್ಪತ್ತೇಳು ಡಿಗ್ರಿ

2024ರ ಬೇಸಿಗೆಯನ್ನು ಬೆಂಗಳೂರಿನವರು ಯಾರೂ ಮರೆತಿರಲಾರರು. "ನಮ್ಮೂರಿಗೆ ಫ್ಯಾನ್ ಯಾಕ್ರೀ?" ಎಂದು ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದ ಹಲಸೂರಿನ ನಮ್ಮ ಬೀದಿಯ ಹಿರಿಯರು ಕೂಡ ಆ ಏಪ್ರಿಲ್‌ನಲ್ಲಿ ಕೂಲರ್ ಅಂಗಡಿಯ ಮುಂದೆ ಕರವಸ್ತ್ರ ಬೀಸಿಕೊಳ್ಳುತ್ತಾ ನಿಂತಿದ್ದರು. ನಲ್ಲಿಯಲ್ಲಿ ನೀರಿಲ್ಲ, ಟ್ಯಾಂಕರಿನವನು ಫೋನ್ ಎತ್ತುವುದಿಲ್ಲ. ಆಗ ನನಗೆ ಐವತ್ತಮೂರು ವರ್ಷ. ಚಿಂತೆ ಮಾಡುವುದರಲ್ಲಿ ಮಾತ್ರ ನೂರು ವರ್ಷದ ಅನುಭವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಬರುವವನು ನಾನು. ಆರಿಸಿದ್ದು ಖಚಿತವಾಗಿ ಮತ್ತೆ ಬಸ್ ಸ್ಟಾಪಿಗೆ ಹೋದ ಮೇಲೆ, ಈಗ ಬಾಗಿಲಿಗೆ ಬೀಗ ಹಾಕಿದೆನೇ ಎಂದು ಇನ್ನೊಮ್ಮೆ ಬಂದದ್ದೂ ಉಂಟು.

ಒಂದು ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ಸ್ವಯಂನಿವೃತ್ತಿ ತೆಗೆದುಕೊಂಡವನು ನಾನು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ತಿರಸ್ಕರಿಸುವುದು ನನ್ನ ಕೆಲಸವಾಗಿತ್ತು. ಆಮೇಲೆ ಪರಿಚಿತರೊಬ್ಬರ ಮೂಲಕ ನಳಿನಾ ಮೇಡಂ ಅವರ ಕೀಟ ಸಾಕಣೆ ಘಟಕಕ್ಕೆ ಮೇಲ್ವಿಚಾರಕನಾಗಿ ಸೇರಿದೆ. ಮೇಡಂ ಕೀಟಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅಲ್ಲಿ ನಾವು ಸಾಕುತ್ತಿದ್ದುದು ಗುಲಗಂಜಿ ಹುಳುಗಳನ್ನು. ಕಪ್ಪು ಬೆನ್ನು, ಕಿತ್ತಳೆ ತಲೆ, ಮೆಣಸಿನ ಕಾಳಿಗಿಂತ ತುಸು ಚಿಕ್ಕದು. ದ್ರಾಕ್ಷಿ, ಸೀಬೆ, ದಾಸವಾಳಗಳಿಗೆ ಬಿಳಿ ಹತ್ತಿಯ ಹಾಗೆ ಮೆತ್ತಿಕೊಳ್ಳುವ ಹಿಟ್ಟು ತಿಗಣೆಯನ್ನು ಇವು ಗಬಗಬ ತಿನ್ನುತ್ತವೆ. ರೈತರು ಔಷಧಿ ಹೊಡೆಯುವ ಬದಲು ನಮ್ಮ ಹುಳುಗಳನ್ನು ತೋಟಕ್ಕೆ ಬಿಡುತ್ತಾರೆ.

ಹುಳು ಸಾಕಬೇಕಾದರೆ ಮೊದಲು ಅದರ ಊಟ ಸಾಕಬೇಕು. ಹಿಟ್ಟು ತಿಗಣೆ ಚೆನ್ನಾಗಿ ಬೆಳೆಯುವುದು ಸಿಹಿಕುಂಬಳಕಾಯಿಯ ಮೇಲೆ. ಕಾಯಿಯನ್ನು ತೊಳೆದು, ಗೀರು ಬಿದ್ದಲ್ಲಿ ಮೇಣ ಮೆತ್ತಿ, ತಿಗಣೆ ಹತ್ತಿಸಿ ಕಬ್ಬಿಣದ ಚರಣಿಗೆಗಳಲ್ಲಿ ಸಾಲಾಗಿ ಇಡುತ್ತೇವೆ. ಎರಡು ಮೂರು ವಾರಕ್ಕೆ ಕಾಯಿ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಅದೇ ಚರಣಿಗೆಯ ಮೇಲೆ ಬಲೆಯ ಪೆಟ್ಟಿಗೆಯಲ್ಲಿ ಗುಲಗಂಜಿ ಹುಳುಗಳ ಜೊತೆ ಇಟ್ಟರೆ ಅವು ತಿಂದು, ಮೊಟ್ಟೆ ಇಟ್ಟು, ಸುಮಾರು ಒಂದು ತಿಂಗಳಲ್ಲಿ ಹೊಸ ಸಂತಾನ ಹೊರಬರುತ್ತದೆ. ಕೇಳಲು ಸುಲಭ. ಆದರೆ ಈ ಹುಳು ಸೆಕೆಯ ವಿಷಯದಲ್ಲಿ ನನಗಿಂತ ಸೂಕ್ಷ್ಮ. ಇಪ್ಪತ್ತೈದರಿಂದ ಇಪ್ಪತ್ತೆಂಟು ಡಿಗ್ರಿಯಲ್ಲಿ ಖುಷಿಯಾಗಿರುತ್ತದೆ. ಮೂವತ್ತಮೂರು, ಮೂವತ್ತನಾಲ್ಕು ದಾಟಿದರೆ ಮೊಟ್ಟೆ ಇಡಲು ಮನಸ್ಸು ಮಾಡುವುದಿಲ್ಲ, ಇಟ್ಟರೂ ಒಡೆಯುವುದಿಲ್ಲ. ತಿಗಣೆಗೆ ಹಾಗಲ್ಲ, ಅಷ್ಟು ಬಿಸಿಗೆ ಜಗ್ಗುವುದಿಲ್ಲ. "ಅದೇ ಕಣ್ರೀ ಪ್ರಾಬ್ಲಂ. ತಿನ್ನೋರು ಸುಸ್ತಾಗ್ತಾರೆ, ತಿನ್ನಿಸ್ಕೊಳ್ಳೋರು ಆರಾಮಾಗಿರ್ತಾರೆ" ಎನ್ನುತ್ತಿದ್ದರು ಮೇಡಂ.

ಹುಳುವಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರು. ಸೆಲ್ವಿ ನಮ್ಮ ಹಲಸೂರಿನವಳೇ, ಕುಳ್ಳಿ, ಬಾಯಿ ಜೋರು. ಶರಣಮ್ಮ ರಾಯಚೂರಿನ ಕಡೆಯವಳು, ಎತ್ತರದ ಆಳು, ಮೂವತ್ತೈದರ ಆಸುಪಾಸು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಕೆ.ಆರ್. ಪುರಂನ ಒಂದು ವಠಾರದಲ್ಲಿ ಒಂದೇ ಕೋಣೆಯ ಮನೆ. ಎತ್ತರವಿದ್ದುದರಿಂದ ಚರಣಿಗೆಯ ಮೇಲಿನ ಎರಡು ಸಾಲು ಶರಣಮ್ಮನಿಗೆ, ಕೆಳಗಿನ ಎರಡು ಸಾಲು ಸೆಲ್ವಿಗೆ. ಹಾಗೆ ಹಂಚಿದವನು ನಾನೇ.

ಶರಣಮ್ಮನಿಗೆ ಈ ಕೆಲಸದ ಮೇಲೆ ಇದ್ದ ಪ್ರೀತಿ ನನಗೆ ಮೊದಮೊದಲು ಅರ್ಥವಾಗಿರಲಿಲ್ಲ. ಒಮ್ಮೆ ತಾನಾಗಿ ಹೇಳಿದಳು. "ನಮ್ಮ ಕಡೀ ಹತ್ತಿಗೆ ಎಣ್ಣಿ, ಅಂದ್ರ ಹುಳದ ಔಷಧ, ಹೊಡೀತಾರ್ರೀ ಸರ್. ಬೆನ್ನಿಗೆ ಡಬ್ಬಿ ಕಟ್ಕೊಂಡು ನಾನೂ ಹೊಡದೀನಿ. ಒಂದು ಸಲ ಹೊಲದಾಗ ಬಿದ್ದು, ಮೂರು ದಿನ ದವಾಖಾನ್ಯಾಗ ಇದ್ದೆ. ಇಲ್ಲಿ ನೋಡ್ರಿ, ಹುಳಾನ ಎಣ್ಣಿ ಕೆಲಸ ಮಾಡ್ತದ. ಯಾರೂ ಬೀಳಂಗಿಲ್ಲ." ವಠಾರದಲ್ಲಿ ಎಲ್ಲರೂ ಅವಳನ್ನು ಹುಳದ ಶರಣಮ್ಮ ಎಂದೇ ಕರೆಯುತ್ತಿದ್ದರಂತೆ. ಅದನ್ನು ಅವಳು ಬಿರುದಿನ ಹಾಗೆ ಹೇಳಿಕೊಳ್ಳುತ್ತಿದ್ದಳು. "ಅವಳ ಕೈಗುಣ ಚೆನ್ನಾಗಿದೆ" ಎಂದು ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು. ರಸೆಲ್ ಮಾರುಕಟ್ಟೆಗೆ ಕುಂಬಳಕಾಯಿ ತರಲು ಹೋದಾಗಲೂ ನಾನು ಅವಳನ್ನೇ ಕರೆದುಕೊಂಡು ಹೋಗುತ್ತಿದ್ದೆ. ತೊಟ್ಟು ಮುರಿಯದ, ಮೈಮೇಲಿನ ಏಣು ಎದ್ದು ಕಾಣುವ ಕಾಯಿಗಳನ್ನೇ ಅವಳು ಆರಿಸುವುದನ್ನು ನೋಡಿ ವ್ಯಾಪಾರಿಗೆ ತಲೆ ಕೆಡುತ್ತಿತ್ತು.

"ಇಷ್ಟೊಂದು ಕಾಯಿ ಏನ್ ಮಾಡ್ತೀರಾ ಸಾರ್? ಮದ್ವೇನಾ?"

"ಹುಳ ಬಿಡೋಕಪ್ಪ."

"ಯಾ ಅಲ್ಲಾ! ಹುಳ ಬಿದ್ದಿದೆ ಅಂತ ಎಲ್ಲಾ ವಾಪಸ್ ತಂದು ನನ್ ಮುಖಕ್ಕೆ ಹಿಡೀತಾರೆ. ನೀವು ಬಿಡೋಕೇ ತಗೊಂಡ್ ಹೋಗ್ತೀರಾ?"

ನಮ್ಮ ಘಟಕ ಮೊದಲು ಬೆನ್ಸನ್ ಟೌನಿನ ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿತ್ತು. ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು. ಬೇಸಿಗೆಯಲ್ಲೂ ಒಳಗೆ ಹೋದರೆ ದೇವಸ್ಥಾನದ ಹಾಗೆ ತಂಪು. ಬಂಗಲೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂದು 2024ರ ಜನವರಿಯಲ್ಲಿ ಕೆ.ಆರ್. ಪುರಂ ಕಡೆ ಒಂದು ಮನೆಯ ಎರಡನೇ ಮಹಡಿಗೆ ಬಂದೆವು. ಮೇಲೆ ಸಿಮೆಂಟ್ ಶೀಟು. ಸಾಮಾನು ಸಾಗಿಸುವಾಗ ಕೋಣೆಯ ಥರ್ಮಾಮೀಟರನ್ನು ಮಾತ್ರ ನಾನು ಲಾರಿಗೆ ಹಾಕಗೊಡಲಿಲ್ಲ. ಟವೆಲಿನಲ್ಲಿ ಸುತ್ತಿ, ಆಟೊದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಹೊಸ ಕೋಣೆಯ ಬಾಗಿಲ ಪಕ್ಕ ಎದೆಮಟ್ಟದಲ್ಲಿ ಹಿಂದಿನ ಬಾಡಿಗೆದಾರರು ಕ್ಯಾಲೆಂಡರಿಗೋ ಏನಕ್ಕೋ ಹೊಡೆದ ಒಂದು ಮೊಳೆ ಇತ್ತು. ಅದಕ್ಕೇ ತೂಗುಹಾಕಿದೆ. ಮೊಳೆ ಇತ್ತು, ಹಾಕಿದೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಬೇಸಿಗೆ ಬಂತು. ಬಾಗಿಲಿಗೆ ಗೋಣಿ ಪರದೆ ಕಟ್ಟಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುವ ಏರ್ಪಾಡು ಮಾಡಿದೆ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ನಿಂತು ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ, ಎಲ್ಲಿ ಹುಳುವನ್ನು ತುಳಿದುಬಿಡುತ್ತೇನೋ ಎಂಬ ಭಯ. ಪುಸ್ತಕದಲ್ಲಿ ಇಪ್ಪತ್ತೇಳು, ಇಪ್ಪತ್ತೇಳು, ಇಪ್ಪತ್ತೇಳೂವರೆ. ನನಗೋ ಹೆಮ್ಮೆ. ಇಡೀ ಊರು ಬೇಯುತ್ತಿರುವಾಗ ನಮ್ಮ ಕೋಣೆ ಮಾತ್ರ ಬೆನ್ಸನ್ ಟೌನು! ಮೇಡಂ ಎಸಿ ಹಾಕಿಸೋಣವೇ ಎಂದು ಕೇಳಿದಾಗ, "ಇಪ್ಪತ್ತೇಳು ಇರುವಾಗ ಎಸಿ ಯಾಕೆ ಮೇಡಂ? ಈ ಮನೆ ವೈರಿಂಗ್ ಬೇರೆ ಹಳೇದು, ಬೆಂಕಿ ಗಿಂಕಿ ಹತ್ತಿಕೊಂಡರೆ?" ಎಂದು ನಾನೇ ಬೇಡವೆಂದೆ.

ಏಪ್ರಿಲ್ ಮೊದಲ ವಾರ ಶರಣಮ್ಮ ಬಂದು ಹೇಳಿದಳು. "ಸರ್, ಮ್ಯಾಲಿನ ಸಾಲಿನ್ಯಾಗ ಝಳ ಭಾಳ ಅದರಿ. ಕಾಯಿ ಮುಟ್ಟಿದ್ರ ಜ್ವರ ಬಂದೋರ್ನ ಮುಟ್ಟಿದಂಗ ಆಗ್ತದ."

ನಾನು ನಕ್ಕುಬಿಟ್ಟೆ. "ಏನಮ್ಮ, ರಾಯಚೂರಿನಿಂದ ಬಂದು ಬೆಂಗಳೂರಲ್ಲಿ ಸೆಕೆ ಅಂತೀಯಾ? ನಿಮ್ಮೂರಲ್ಲಿ ಈಗ ಎಷ್ಟಿದೆ?"

"ನಮ್ಮೂರಾಗ ನಾವು ಇರ್ತೀವ್ರಿ ಸರ್, ಈ ಹುಳ ಇರಂಗಿಲ್ಲ."

ಸೆಲ್ವಿಯೂ ನಕ್ಕಳು. "ಅಕ್ಕ, ನಿಂಗೆ ಇಲ್ಲಿ ಬಂದು ಮೈ ಮೆತ್ತಗಾಗ್ಬಿಟ್ಟಿದೆ!"

ನಾನು ಥರ್ಮಾಮೀಟರ್ ಕಡೆ ಬೆರಳು ತೋರಿಸಿದೆ. ಶರಣಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಆಮೇಲೂ ಎರಡು ಸಲ ಹೇಳಿದಳು. ಎರಡು ಸಲವೂ ನಾನು ಬೆರಳು ತೋರಿಸಿದೆ.

ತಿಂಗಳ ಮಧ್ಯಕ್ಕೆ ಲೆಕ್ಕ ಬಿದ್ದುಹೋಯಿತು. ಯಾರ ಸಾಲಿನಿಂದ ಎಷ್ಟು ಹುಳು ಬಂತು ಎಂದು ಬರೆಯಲು ನಾನೇ ಪುಸ್ತಕದಲ್ಲಿ ಒಂದು ಕಾಲಂ ಹಾಕಿಸಿದ್ದೆ. ಸೆಲ್ವಿಯ ಸಾಲುಗಳು ಹೆಚ್ಚುಕಡಿಮೆ ಎಂದಿನಂತೆ ಇದ್ದವು. ಶರಣಮ್ಮನ ಸಾಲುಗಳಲ್ಲಿ ಅರ್ಧವೂ ಇಲ್ಲ. ಕಾಯಿಗಳ ಮೇಲೆ ಹಿಟ್ಟು ತಿಗಣೆ ಮಾತ್ರ ಉಂಡು ಮಲಗಿದವರ ಹಾಗೆ ಬೆಳ್ಳಗೆ, ದಪ್ಪಗೆ ಮೆತ್ತಿಕೊಂಡಿತ್ತು. ಕೋಲಾರದ ಕಡೆಯ ದ್ರಾಕ್ಷಿ ಬೆಳೆಗಾರರು ಹುಳುವಿಗಾಗಿ ದಿನಕ್ಕೆರಡು ಸಲ ಫೋನ್ ಮಾಡತೊಡಗಿದರು. ನನಗೆ ಊಟ ಸೇರದಾಯಿತು. ಕಾರ್ಖಾನೆಯಲ್ಲಿ ಇಂಥದ್ದು ಬಂದಾಗ ಹೇಗೆ ಯೋಚಿಸುತ್ತಿದ್ದೆನೋ ಹಾಗೆಯೇ ಯೋಚಿಸಿದೆ. ಕೋಣೆ ಒಂದೇ, ಕಾಯಿ ಒಂದೇ, ಹುಳು ಒಂದೇ, ಉಷ್ಣಾಂಶ ಒಂದೇ. ಬೇರೆ ಬೇರೆ ಇರುವುದು ಏನು? ಕೈ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಶರಣಮ್ಮ ಕೋಣೆಯಿಂದ ಹೊರಬಂದಾಗ ತಲೆನೋವಿನ ಬಾಮಿನ ವಾಸನೆ ಬಂತು. ನಮ್ಮಲ್ಲಿ ಅದಕ್ಕೆ ಕಟ್ಟುನಿಟ್ಟಾದ ನಿಷೇಧ. ಸೊಳ್ಳೆಬತ್ತಿ, ಸೆಂಟು, ಬಾಮು ಯಾವುದರ ಘಾಟೂ ಹುಳುವಿನ ಹತ್ತಿರ ಸುಳಿಯಬಾರದು. ನನಗೆ ಹುಡುಕುತ್ತಿದ್ದದ್ದು ಸಿಕ್ಕಿದಂತಾಯಿತು. ಯಾಕೆ ಹಚ್ಚಿಕೊಂಡೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಎಲ್ಲದಕ್ಕೂ ನೂರು ಅನುಮಾನ ಪಡುವ ನನಗೆ ಆ ದಿನ ಒಂದೇ ಒಂದು ಅನುಮಾನವೂ ಬರಲಿಲ್ಲ.

ಗುರುವಾರ ಮೇಡಂ ಬಂದಾಗ ಎಲ್ಲರ ಮುಂದೆಯೇ ಪುಸ್ತಕ ತೆರೆದು ಓದಿದೆ. ಉಷ್ಣಾಂಶ ಸರಿಯಾಗಿದೆ, ಮೇಲಿನ ಸಾಲು ಮಾತ್ರ ಕೆಟ್ಟಿದೆ, ಬಾಮಿನ ವಾಸನೆ ನಾನೇ ಕಂಡುಹಿಡಿದಿದ್ದೇನೆ ಎಂದೆ. ಕಂಡುಹಿಡಿದಿದ್ದೇನೆ ಎನ್ನುವಾಗ ನನ್ನ ದನಿಯಲ್ಲಿ ಸ್ವಲ್ಪ ಬಿಂಕವೂ ಇತ್ತೆಂದು ಈಗ ನೆನಪಾಗುತ್ತದೆ.

"ಬಾಮು ಹಚ್ಕೊಂಡಿದ್ದು ನಿಜಾನಾ ಶರಣಮ್ಮ?" ಮೇಡಂ ಕೇಳಿದರು.

"ಹೌದ್ರಿ. ಒಂದು ಸಲ. ತಲಿ ಸಿಡೀಲಿಕ್ಕತ್ತಿತ್ತು. ಮ್ಯಾಲ ಝಳ ಅದ ಅಂತ ನಾ ಸರ್‌ಗೆ ಮೂರು ಸಲ ಹೇಳೀನಿ."

ಮೇಡಂ ನನ್ನ ಕಡೆ ತಿರುಗಿದರು. ನಾನು ಪುಸ್ತಕವನ್ನು ಅವರ ಮುಂದೆ ತಳ್ಳಿದೆ. ಪುಟದ ತುಂಬ ಇಪ್ಪತ್ತೇಳು. ಮೇಡಂ ಪುಟ ತಿರುವಿ ನೋಡಿ, "ಶರಣಮ್ಮ, ಸ್ವಲ್ಪ ದಿನ ನೀನು ಹುಳದ ರೂಮಿಗೆ ಬೇಡ. ಕೆಳಗೆ ಕಾಯಿ ತೊಳ್ಕೊಂಡಿರು. ತಿಂಗಳ ಕೊನೆಗೆ ನೋಡೋಣ" ಎಂದರು. ತಿಂಗಳ ಕೊನೆಗೆ ನೋಡೋಣ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಶರಣಮ್ಮ ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟಳು. "ನನ್ನ ಕೈ ಕೆಟ್ಟದ ಅಂದಮ್ಯಾಲ ಕಾಯಿ ತೊಳದ್ರೂ ಅದಾ ಕೈ ಅಲ್ರೀ?" ಎಂದಳು. ಊಟದ ಡಬ್ಬಿ ಎತ್ತಿಕೊಂಡು ಹೋದಳು. ಸೆಲ್ವಿ ನನ್ನ ಮುಖ ನೋಡಲಿಲ್ಲ.

ಮರುದಿನ ಮೇಲಿನ ಸಾಲಿನ ಕೆಲಸ ಯಾರು ಮಾಡಬೇಕು? ಸೆಲ್ವಿಗೆ ಎಟುಕುವುದಿಲ್ಲ. ಪ್ಯಾಂಟ್ ಮಡಚಿಕೊಂಡು, ಪ್ರತಿ ಹೆಜ್ಜೆಗೂ ನೆಲ ನೋಡಿಕೊಂಡು, ಸ್ಟೂಲ್ ಹಿಡಿದು ನಾನೇ ಒಳಗೆ ಹೋದೆ. ಮಧ್ಯಾಹ್ನ ಎರಡೂವರೆ ಇರಬಹುದು. ಸ್ಟೂಲ್ ಹತ್ತಿದೆ, ಬೀಳುತ್ತೇನೆಂದು ಹೆದರಿ ಎರಡು ಕೈಯಲ್ಲೂ ಒಂದು ಕುಂಬಳಕಾಯಿಯನ್ನು ಹಿಡಿದುಕೊಂಡೆ. ಹಿಡಿದವನು ಹಾಗೆಯೇ ನಿಂತುಬಿಟ್ಟೆ. ಕಾಯಿ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. ಸಿಮೆಂಟ್ ಶೀಟು ನನ್ನ ನೆತ್ತಿಯಿಂದ ಎರಡು ಮೊಳ ಮೇಲಿತ್ತು. ಒಲೆಯ ಬಾಯಿಗೆ ತಲೆ ಕೊಟ್ಟ ಹಾಗೆ. ಐದು ನಿಮಿಷದಲ್ಲಿ ನನಗೂ ತಲೆ ಸಿಡಿಯತೊಡಗಿತು.

ಇಳಿದು ಹೋಗಿ ಥರ್ಮಾಮೀಟರ್ ತಂದೆ. ಮೇಲಿನ ಸಾಲಿಗೆ ಕಟ್ಟಿ ಕಾಲು ಗಂಟೆ ಕಾದೆ. ಮೂವತ್ತು. ಮೂವತ್ತಮೂರು. ಮೂವತ್ತಾರಕ್ಕೆ ಬಂದು ನಿಂತಿತು. ಮೊದಲು ನಾನು ಅನುಮಾನಿಸಿದ್ದು ಥರ್ಮಾಮೀಟರನ್ನೇ. ಕೆಟ್ಟಿರಬಹುದೆಂದು ಬಾಗಿಲ ಬಳಿ ಒಯ್ದು ನೋಡಿದೆ. ಒದ್ದೆ ಗೋಣಿಯ ಪಕ್ಕ ಅದು ಮರ್ಯಾದಸ್ಥನ ಹಾಗೆ ಇಪ್ಪತ್ತೇಳಕ್ಕೆ ಇಳಿಯಿತು. ಉಪಕರಣದಲ್ಲಿ ತಪ್ಪಿರಲಿಲ್ಲ. ಬೇಸಿಗೆ ಶುರುವಾದಾಗಿನಿಂದ ನಾನು ಬರೆದದ್ದು ಕೋಣೆಯ ಉಷ್ಣಾಂಶವನ್ನಲ್ಲ, ಒಂದು ಒದ್ದೆ ಗೋಣಿಚೀಲದ ಉಷ್ಣಾಂಶವನ್ನು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ನಾನು ತಕ್ಷಣ ಮೇಡಂಗೆ ಫೋನ್ ಮಾಡಲಿಲ್ಲ. ಥರ್ಮಾಮೀಟರನ್ನು ಸದ್ದಿಲ್ಲದೆ ಮೇಲಿನ ಸಾಲಿಗೆ ತೂಗುಹಾಕಿದೆ. ಪುಸ್ತಕದಲ್ಲಿ ಆ ದಿನದ ಮಧ್ಯಾಹ್ನದ ಜಾಗದಲ್ಲಿ ಮೂವತ್ತಾರು ಎಂದು ಬರೆದೆ. ಬಿಸಿಲು ಜಾಸ್ತಿಯಾಯಿತು ಮೇಡಂ ಎಂದರೆ ಮುಗಿಯಿತಲ್ಲ! ರಜೆ ಕಳೆದು ಸೋಮವಾರ ಕಾಯಿಗಳನ್ನು ಕೆಳಗಿಳಿಸಿದರೆ ಹುಳು ಸರಿಹೋಗುತ್ತವೆ. ಶರಣಮ್ಮನನ್ನೂ ಎರಡು ವಾರದ ಮೇಲೆ ಹೇಗೋ ಕರೆಸಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಪುಟವನ್ನು ನೋಡಿದಾಗ, ಬೆಳಿಗ್ಗೆ ಇಪ್ಪತ್ತೇಳು, ಮಧ್ಯಾಹ್ನ ಮೂವತ್ತಾರು. ಕಾರ್ಖಾನೆಯಲ್ಲಿ ಯಾರಾದರೂ ಇಂಥ ಪುಟ ತಂದಿದ್ದರೆ ಅದನ್ನು ಅವರ ಮುಖಕ್ಕೇ ಎಸೆಯುತ್ತಿದ್ದೆ.

ಶನಿವಾರ ರಜೆ, ದಿನ ಪೂರ್ತಿ ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಹೆಂಡತಿ ವಸಂತಾ ಎರಡು ಸಲ ಕೇಳಿದಳು, ಮೂರನೇ ಸಲ ಗದರಿದಳು. ಎಲ್ಲ ಹೇಳಿದೆ.

"ಈ ವಯಸ್ಸಲ್ಲಿ ಈ ಕೆಲಸಾನೂ ಹೋದ್ರೆ ಏನ್ ಮಾಡ್ಲಿ?" ಎಂದೆ.

"ಅಲ್ಲಾ ರೀ, ಹೋಗಿದ್ದು ಅವಳ ಕೆಲಸ. ಹೆದರ್ತಾ ಇರೋದು ನೀವು!" ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಹೋಗಿ ಹೇಳ್ಬಿಡಿ. ಇಲ್ದಿದ್ರೆ ಇನ್ನು ಇಪ್ಪತ್ತು ವರ್ಷ ಈ ಗೊಣಗಾಟ ನಾನ್ ಕೇಳ್ಬೇಕು."

ಭಾನುವಾರ ಸಂಜೆ ಐದರ ಹೊತ್ತಿಗೆ ವಿಳಾಸ ಕೇಳಿಕೊಂಡು ಆ ವಠಾರಕ್ಕೆ ಹೋದೆ. ಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಹುಳದ ಶರಣಮ್ಮನ ಮನೀನಾ? ಆ ಕೊನೀದು" ಎಂದಳು. ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು, ಹಿಟ್ಟಿನ ಕೈಯಲ್ಲೇ ಚಾಪೆ ಹಾಸಿ, ಒಂದು ಚೊಂಬು ನೀರು ತಂದಿಟ್ಟಳು. ಅದು ಟ್ಯಾಂಕರ್ ನೀರಿಗೆ ಜಗಳವಾಗುತ್ತಿದ್ದ ಕಾಲ. ಆ ಚೊಂಬನ್ನು ಎತ್ತಲು ನನಗೆ ಕೈ ಬರಲಿಲ್ಲ.

ಅವಳೇ ಮೊದಲು ಕೇಳಿದಳು. "ಹುಳ ಹೆಂಗ ಅದಾವ್ರಿ?"

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ತಪ್ಪು ನನ್ನದಮ್ಮ. ಮೇಲೆ ಮೂವತ್ತಾರಿದೆ. ಥರ್ಮಾಮೀಟರ್ ಬಾಗಿಲ ಹತ್ರ ಇತ್ತು, ನಾನು ಮೇಲೆ ಹತ್ತಿ ನೋಡಿರಲಿಲ್ಲ. ನೀನು ಹೇಳಿದ್ದೇ ಸರಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಅಳಬಹುದು, ಅಥವಾ ಹೋಗ್ಲಿ ಬಿಡ್ರಿ ಸರ್ ಅನ್ನಬಹುದು ಎಂದು ಕಾದೆ. ಒಳಗೊಳಗೆ ಎರಡನೆಯದನ್ನೇ ಬಯಸುತ್ತಿದ್ದೆ.

ಅವಳು ಒಲೆ ಸಣ್ಣ ಮಾಡಿದಳು. "ಸರ್, ಬಾಮಿನ ಮಾತು ಎಲ್ಲಿ ಹೇಳಿದ್ರಿ ನೀವು?"

"ಅಲ್ಲೇ... ಮೇಡಂ ಮುಂದೆ."

"ಸೆಲ್ವಿ ಮುಂದ ಸೈತ. ಇದನ್ನ ಇಲ್ಲಿ, ನಮ್ಮ ಮನ್ಯಾಗ, ನನಗ ಒಬ್ಬಾಕಿಗೆ ಹೇಳಿದ್ರ ಹೆಂಗ್ರೀ? ನನಗೇನು ಗೊತ್ತಿರಲಿಲ್ಲೇನು ಝಳ ಅದ ಅಂತ? ನನಗ ಗೊತ್ತಿದ್ದದ್ದು ನನಗಾ ಹೇಳ್ಲಿಕ್ಕೆ ಬಂದೀರಿ. ಅವರಿಗೆ ಹೇಳ್ರಿ."

ನಾನು ತಲೆ ತಗ್ಗಿಸಿದೆ. ಅವಳು ದನಿ ಎತ್ತಿರಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. "ನಾಳೆ ಬರ್ತೀಯಾ?" ಎಂದೆ.

"ಬರ್ತೀನ್ರಿ. ನೀವು ಹೇಳೂದು ಕೇಳ್ಲಿಕ್ಕೆ ಬರ್ತೀನಿ. ಕೆಲಸದ ಮಾತು ಆಮ್ಯಾಲ." ಎದ್ದು ಹೊರಟಾಗ, "ನೀರು ಕುಡೀರಿ ಮೊದ್ಲ" ಎಂದು ಚೊಂಬು ತೋರಿಸಿದಳು. ಕುಡಿದೆ.

ಸೋಮವಾರ ಮೇಡಂ ಬಂದರು. ಅದೇ ಮೇಜು, ಅದೇ ಪುಸ್ತಕ, ಎದುರಿಗೆ ಅದೇ ಮೂವರು. ಕಾರ್ಖಾನೆಯಲ್ಲಿ ಅಷ್ಟು ವರ್ಷ ಬೇರೆಯವರ ತಪ್ಪುಗಳನ್ನು ಓದಿ ಹೇಳಿದವನು ಅವತ್ತು ಪುಸ್ತಕ ತೆರೆದು ನನ್ನ ತಪ್ಪು ಓದಿದೆ. ಎಲ್ಲ ಹೇಳಿದೆ. ಮೊಳೆಯ ವಿಷಯ, ಗೋಣಿಯ ವಿಷಯ, ಅವಳು ಮೂರು ಸಲ ಹೇಳಿದಾಗಲೂ ನಾನು ಬೆರಳು ತೋರಿಸಿದ್ದು, ಬಾಮು ಆ ಸೆಕೆಯಿಂದಲೇ ಬಂದದ್ದು. ಕೊನೆಗೆ ಶುಕ್ರವಾರ ಸದ್ದಿಲ್ಲದೆ ಥರ್ಮಾಮೀಟರ್ ಜಾಗ ಬದಲಿಸಿದ್ದನ್ನೂ ಹೇಳಿದೆ. ಅದನ್ನು ಹೇಳಬೇಕೆಂದು ಯಾರೂ ಕೇಳಿರಲಿಲ್ಲ. ಶರಣಮ್ಮನಿಗೂ ಗೊತ್ತಿರಲಿಲ್ಲ. ಆದರೆ ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ ಉಳಿದರ್ಧ ನನ್ನನ್ನು ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು.

ಮೇಡಂ ಎದ್ದು ಹುಳುವಿನ ಕೋಣೆಗೆ ಹೋದರು. ಅರವತ್ತೇಳು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿ ಸ್ಟೂಲ್ ಹತ್ತಿದರು. ಬೀಳುತ್ತಾರೆಂದು ನಾನು ಕೆಳಗೆ ಎರಡು ಕೈ ಚಾಚಿಕೊಂಡು ನಿಂತೆ. ಒಂದು ಕಾಯಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಇಳಿದು ಬಂದು, "ಮೂರ್ತಿ, ಆ ಎಲ್ಲಾ ಪುಟಕ್ಕೂ ಸೈನ್ ಹಾಕಿರೋದು ನಾನು. ಒಂದು ದಿನಾನೂ ನಾನೂ ಮೇಲೆ ಹತ್ತಿರಲಿಲ್ಲ" ಎಂದರು. ಆಮೇಲೆ ಶರಣಮ್ಮನ ಕಡೆ ತಿರುಗಿ, "ನಾವಿಬ್ರೂ ನಿನ್ ಮಾತು ಕೇಳಿಸ್ಕೊಳ್ಳಲಿಲ್ಲ ಕಣಮ್ಮ" ಎಂದರು.

ಶರಣಮ್ಮ ಮೇಜಿನ ಮೇಲಿದ್ದ ಏಪ್ರನ್ ತೆಗೆದುಕೊಂಡು ಕಟ್ಟಿಕೊಂಡಳು. "ಮೊದ್ಲ ಮ್ಯಾಲಿನ ಕಾಯಿ ಕೆಳಗ ಇಳಸ್ರಿ. ಮಾತು ಸಂಜೀಕ ಆಡಿದ್ರೂ ನಡೀತದ."

"ನೋಡಿ ಸಾರ್," ಎಂದಳು ಸೆಲ್ವಿ, "ಮೂರು ದಿನ ರಜಾ ಹಾಕಿ ಬಂದು ಫಸ್ಟ್ ಡೇನೇ ಆರ್ಡರ್!" ನಾಲ್ವರೂ ನಕ್ಕೆವು. ಶರಣಮ್ಮ ಸ್ವಲ್ಪ ಕಡಿಮೆ ನಕ್ಕಳು.

ಅವತ್ತು ಕಾಯಿಗಳನ್ನೆಲ್ಲ ನೆಲಕ್ಕೆ ಇಳಿಸಿದೆವು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದೆವು. ಮೇಲಿನ ಸಾಲಿನ ಆ ತಂಡದ ಹುಳುಗಳು ಮಾತ್ರ ಉಳಿಯಲಿಲ್ಲ. ದ್ರಾಕ್ಷಿಯವರಲ್ಲಿ ಇಬ್ಬರು ಕಾಯದೆ ಔಷಧಿ ಹೊಡೆದರಂತೆ. ಅದನ್ನು ಕೇಳಿದಾಗ ಶರಣಮ್ಮ, "ಯಾರು ಹೊಡದ್ರೋ, ಮೈ ಹುಷಾರಾಗಿದ್ರ ಸಾಕು" ಎಂದಳು. ಅದು ನನಗೆ ಹೇಳಿದ ಮಾತಲ್ಲ, ಆದರೂ ನನಗೇ ನಾಟಿತು. ಮೇ ತಿಂಗಳಲ್ಲಿ ಮಳೆ ಬಂದು ಊರು ತಣಿಯಿತು, ಹುಳುಗಳೂ ಚೇತರಿಸಿಕೊಂಡವು.

ಒಂದು ಮಾತ್ರ ಸರಿಹೋಗಲಿಲ್ಲ. ಶರಣಮ್ಮ ನನಗೆ ಏನನ್ನೂ ಹೇಳುವುದನ್ನು ನಿಲ್ಲಿಸಿಬಿಟ್ಟಳು. ಕೆಲಸದಲ್ಲಿ ಕೊರತೆಯಿಲ್ಲ, ಮರ್ಯಾದೆಗೆ ಕೊರತೆಯಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹೌದ್ರಿ, ಇಲ್ರಿ. ತಾನಾಗಿ ಬಂದು ಈ ಕಾಯಿ ಕೊಳೀತದ, ಆ ಬಲಿ ಹರದದ ಎಂದು ಹೇಳುತ್ತಿದ್ದವಳು ಈಗ ಸೆಲ್ವಿಗೆ ಹೇಳುತ್ತಿದ್ದಳು, ಇಲ್ಲವೇ ತಾನೇ ಸರಿಮಾಡುತ್ತಿದ್ದಳು. ನಾನು ಪ್ರತಿ ಸಾಲಿಗೂ ಒಂದೊಂದು ಥರ್ಮಾಮೀಟರ್ ತಂದು ಹಾಕಿದೆ. ದಿನಾ ಸ್ಟೂಲ್ ಹತ್ತಿ ಇಳಿಯುತ್ತಿದ್ದೆ. ಅವಳು ನೋಡಿಯೂ ನೋಡದಂತೆ ಇರುತ್ತಿದ್ದಳು. ಜೂನ್, ಜುಲೈ, ದಸರಾ, ದೀಪಾವಳಿ ಎಲ್ಲ ಹಾಗೆಯೇ ಕಳೆದವು.

ಇಷ್ಟು ಚಿಂತೆ ಮಾಡುವವನು ಎಷ್ಟು ಎಚ್ಚರದವನಿರಬೇಕು ಎಂದು ನಾನು ನನ್ನ ಬಗ್ಗೆ ಅಂದುಕೊಂಡಿದ್ದೆ. ಹಾಗಲ್ಲವೆಂದು ಆ ತಿಂಗಳುಗಳಲ್ಲಿ ತಿಳಿಯಿತು. ಚಿಂತೆ ಮಾಡುವಾಗ ನಾನು ಯೋಚಿಸುತ್ತಿದ್ದುದು ನನ್ನ ಬಗ್ಗೆಯೇ. ಎದುರಿಗೆ ನಿಂತವರು ಏನು ಹೇಳುತ್ತಿದ್ದಾರೆ ಎಂಬುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ. ಆ ವಾರ ಚಳಿ ಜೋರಾಗಿತ್ತು. ನಾನು ಮಫ್ಲರ್ ಸುತ್ತಿಕೊಂಡು ಕೈ ಉಜ್ಜಿಕೊಳ್ಳುತ್ತಾ ಮೆಟ್ಟಿಲು ಹತ್ತಿದೆ. ಶರಣಮ್ಮ ಹುಳುವಿನ ಕೋಣೆಯಿಂದ ಹೊರಬಂದು ನನ್ನ ಎದುರಿಗೇ ನಿಂತಳು.

"ಸರ್, ಹುಳ ಥಂಡಿಗೆ ಮುದುಡಿ ಕುಂತಾವ್ರಿ. ತಿಗಣಿ ಮುಂದಾ ಇದ್ರೂ ತಿನ್ನವಲ್ಲವು."

ನಾನು ಪುಸ್ತಕ ತೆಗೆಯಲಿಲ್ಲ. ಯಾವ ಥರ್ಮಾಮೀಟರಿನ ಕಡೆಗೂ ನೋಡಲಿಲ್ಲ. "ಏನ್ ಮಾಡೋಣ ಹೇಳು ಶರಣಮ್ಮ?" ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. "ಬಲ್ಬ್ ಹಚ್ರಿ. ಒಂದೊಂದು ಪೆಟ್ಟಿಗೀಗೆ ಒಂದು. ಮತ್ತ ಆ ಕಿಡಕಿ ಬೆಳಿಗ್ಗೆ ತೆರೀಬ್ಯಾಡ್ರಿ, ಹತ್ತು ಗಂಟೆ ಮ್ಯಾಲ ತೆರೀರಿ. ಎರಡು ದಿನದಿಂದ ಹೇಳಬೇಕು ಅನಕೊಂಡಿದ್ದೆ."

ನಾನು ಬಲ್ಬ್ ತರಲು ಅಂಗಡಿಗೆ ಓಡಿದೆ. ಮೆಟ್ಟಿಲಲ್ಲಿ ನನ್ನ ಕಣ್ಣು ಒದ್ದೆಯಾಗಿತ್ತು. ಚಳಿಗೆ ಎಂದು ಸೆಲ್ವಿಗೆ ಹೇಳಿದೆ.

ಈಗ ಶರಣಮ್ಮ ದಿನಕ್ಕೆ ಎರಡಾದರೂ ದೂರು ಹೇಳುತ್ತಾಳೆ. ಕಾಯಿ ಸರಿಯಿಲ್ಲ, ನೀರು ಸಾಲದು, ನೀವು ಸ್ಟೂಲ್ ಎಳೆದಲ್ಲೇ ಬಿಟ್ಟಿದ್ದೀರಿ. ಕೆಲವು ದಿನ ಬೆಳಿಗ್ಗೆ ಹನ್ನೊಂದಾದರೂ ಅವಳ ದನಿ ಕೇಳದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ನಾನೇ ಕೇಳುತ್ತೇನೆ, "ಏನಮ್ಮ, ಇವತ್ತು ಏನೂ ಹೇಳೋದಿಲ್ವಾ?"